ಯಾದಗಿರಿಯ ವಂಶವೃಕ್ಷ ಮತ್ತು ಐದು ಎಕರೆ ಜಮೀನು

ಯಾದಗಿರಿ ಜಿಲ್ಲೆಯ ಶಾಸಕರ ಪಟ್ಟಿ ಓದಿದರೆ ವಂಶವೃಕ್ಷ ಓದಿದಂತಾಗುತ್ತದೆ. ಶಹಾಪುರದಲ್ಲಿ ಬಾಪುಗೌಡ ದರ್ಶನಾಪುರರ ಮಗ ಶರಣಬಸಪ್ಪಗೌಡರು. ಗುರುಮಠಕಲ್‌ನಲ್ಲಿ 2018ರಲ್ಲಿ ತಂದೆ ನಾಗನಗೌಡ ಕಂದಕೂರರು ಗೆದ್ದರೆ 2023ರಲ್ಲಿ ಮಗ ಶರಣಗೌಡರು. ಸುರಪುರದ ರಾಜಾ ವೆಂಕಟಪ್ಪ ನಾಯಕರು 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಉಪಚುನಾವಣೆಯಲ್ಲಿ ಗೆದ್ದವರು ಮಗ ವೇಣುಗೋಪಾಲ ನಾಯಕರು. ನಮಗಿದು ಅಷ್ಟೇನೂ ಹಿಡಿಸುವುದಿಲ್ಲ. ಆದರೂ ಇಲ್ಲಿ ಜನ ಮತ ಹಾಕಿದ್ದಾರೆ, ಬೇಡವಾದರೆ ಸೋಲಿಸಲೂ ಬಲ್ಲರು.

ಮತದಾರರ ಕೈಗೆ ಸಿಗದ ಸಂಗತಿ ಬೇರೆಯೇ ಇದೆ. ಇದೇ ಗುರುಮಠಕಲ್‌ನಿಂದ 1972ರಿಂದ ಎಂಟು ಬಾರಿ ಗೆದ್ದವರು ಮಲ್ಲಿಕಾರ್ಜುನ ಖರ್ಗೆ. ಅವರ ಕುಟುಂಬದ ಸಿದ್ಧಾರ್ಥ ವಿಹಾರ ಟ್ರಸ್ಟಿಗೆ 2024ರ ಮಾರ್ಚ್‌ನಲ್ಲಿ ಕೆಐಎಡಿಬಿ, ಬೆಂಗಳೂರು ವಿಮಾನ ನಿಲ್ದಾಣದ ಬಳಿಯ ಏರೋಸ್ಪೇಸ್ ಪಾರ್ಕಿನಲ್ಲಿ ಐದು ಎಕರೆ ಮಂಜೂರು ಮಾಡಿತು. ಟ್ರಸ್ಟಿನ ಅಧ್ಯಕ್ಷರು ಮಗ ರಾಹುಲ್. ಇನ್ನೊಬ್ಬ ಮಗ ಪ್ರಿಯಾಂಕ್ ಆಗ ಅದೇ ಸರಕಾರದಲ್ಲಿ ಸಚಿವರು. ಎಲ್ಲವೂ ನಿಯಮದಂತೆಯೇ ಆಗಿದೆ, ದರದಲ್ಲಿ ರಿಯಾಯಿತಿ ಕೊಟ್ಟಿಲ್ಲ ಎಂದರು ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು. ಟೀಕೆ ಜೋರಾದ ಮೇಲೆ ಟ್ರಸ್ಟು ಜಮೀನು ಬೇಡವೆಂದು ಬರೆದುಕೊಟ್ಟಿತು. ಅಕ್ಟೋಬರಿನಲ್ಲಿ ಅದು ಬಹಿರಂಗವಾಯಿತು.

ನಿಯಮ ಮುರಿದಿಲ್ಲವೆಂದೇ ಒಪ್ಪೋಣ. ಆದರೆ ಸಚಿವರ ಅಣ್ಣತಮ್ಮಂದಿರ ಅರ್ಜಿ ಮೇಜಿಗೆ ಬಂದಾಗ ಯಾವ ಅಧಿಕಾರಿ ಅದನ್ನು ಉಳಿದ ಅರ್ಜಿಗಳಂತೆ ನೋಡಿಯಾನು? ಚುನಾವಣಾ ಪ್ರಮಾಣಪತ್ರದಲ್ಲಿ ಅಭ್ಯರ್ಥಿ ತನ್ನ, ಸಂಗಾತಿಯ ಹಾಗೂ ಅವಲಂಬಿತರ ಆಸ್ತಿಯನ್ನಷ್ಟೇ ತೋರಿಸಬೇಕು. ಸ್ವಂತ ಕಾಲ ಮೇಲೆ ನಿಂತ ಸಹೋದರ ಅಲ್ಲಿ ಬರುವುದಿಲ್ಲ. ಇಂಥ ನಂಟನ್ನು ಅರ್ಜಿಯಲ್ಲೇ ಬರೆದು, ಮಂಜೂರಾತಿಗೆ ಮೊದಲೇ ಜನರ ಮುಂದಿಟ್ಟಿದ್ದರೆ ಆ ಐದು ಎಕರೆಯ ಬಗ್ಗೆ ಏಳು ತಿಂಗಳ ಹಿಂದೆಯೇ ಮಾತಾಡಬಹುದಿತ್ತು.