ಕಂಪ್ಯೂಟರ್‌ಗೆ ಸಂಸ್ಕೃತವೇ ಅತ್ಯುತ್ತಮ ಭಾಷೆ ಎಂದು ನಾಸಾ ಹೇಳಿದೆಯೇ?

"ಸಂಸ್ಕೃತದಲ್ಲಿ ಒಂದು ಮಾತಿಗೆ ಒಂದೇ ಅರ್ಥ. ಅದಕ್ಕೇ ಕಂಪ್ಯೂಟರ್‌ಗೆ ಅದೇ ಅತ್ಯುತ್ತಮ ಎಂದು ನಾಸಾ ಘೋಷಿಸಿದೆ." ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಇದರ ಮೂಲ 1985ರ ಒಂದು ಲೇಖನ. ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಅದನ್ನು 'ಎಐ ಮ್ಯಾಗಜೀನ್'ನಲ್ಲಿ ಬರೆದರು. ಸಂಸ್ಕೃತ ವೈಯಾಕರಣರು ವಾಕ್ಯದ ಅರ್ಥವನ್ನು ಬಿಡಿಸುವ ಕ್ರಮ ಕಂಪ್ಯೂಟರ್ ವಿಜ್ಞಾನಿಗಳ ಕ್ರಮವನ್ನು ಹೋಲುತ್ತದೆ ಎಂಬುದು ಅವರ ವಾದ. ಅದು ಒಬ್ಬ ಸಂಶೋಧಕರ ಅಭಿಪ್ರಾಯ, ನಾಸಾದ ಘೋಷಣೆಯಲ್ಲ.

ಒಂದು ಮಾತಿಗೆ ಎರಡು ಅರ್ಥ ಬರುವುದು ಹೇಗೆ? "ಹಳೆಯ ಪುಸ್ತಕದ ಅಂಗಡಿ" ಎಂದರೆ ಹಳೆಯದು ಪುಸ್ತಕವೋ, ಅಂಗಡಿಯೋ? ಪದಗಳನ್ನು ಎರಡು ರೀತಿಯಲ್ಲಿ ಗುಂಪು ಮಾಡಬಹುದು. ಯಾವ ಪದ ಯಾವುದರ ಜೊತೆ ಸೇರಬಹುದು ಎಂದು ಹೇಳುವುದೇ ಪದಪುಂಜ ರಚನಾ ನಿಯಮ. 1950ರ ದಶಕದಲ್ಲಿ ನೋಮ್ ಚಾಮ್‌ಸ್ಕಿ ಇವಕ್ಕೆ ಗಣಿತದಂಥ ಖಚಿತ ರೂಪ ಕೊಟ್ಟರು. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಗೊಂದಲ ಬಾರದಂತೆ ನಿಯಮಗಳನ್ನು ಮೊದಲೇ ಕಟ್ಟಿರುತ್ತಾರೆ. ಜನರಾಡುವ ಭಾಷೆ ಹಾಗೆ ಹುಟ್ಟಿದ್ದಲ್ಲ.

ಸಂಸ್ಕೃತವೂ ಇದಕ್ಕೆ ಹೊರತಲ್ಲ. 'ಇಂದ್ರಶತ್ರು' ಎಂದರೆ ಇಂದ್ರನನ್ನು ಕೊಲ್ಲುವವನು ಎಂದೂ ಆಗುತ್ತದೆ, ಇಂದ್ರನಿಂದ ಸಾಯುವವನು ಎಂದೂ ಆಗುತ್ತದೆ. ಈ ಪದದ ಸ್ವರ ತಪ್ಪಿದ್ದಕ್ಕೇ ವೃತ್ರ ಸತ್ತ ಎಂಬ ಹಳೆಯ ಕಥೆಯೇ ಇದೆ.

ಹಾಗೆಂದು ಪಾಣಿನಿಯ ಸಾಧನೆ ಸಣ್ಣದಲ್ಲ. ಸುಮಾರು 4,000 ಸೂತ್ರಗಳಲ್ಲಿ ಅವನು ಒಂದು ಭಾಷೆಯ ವ್ಯಾಕರಣವನ್ನೇ ಹಿಡಿದಿಟ್ಟ. ಪ್ರೋಗ್ರಾಮಿಂಗ್ ಭಾಷೆಯ ನಿಯಮ ಬರೆಯುವ ಪದ್ಧತಿಗೆ 'ಪಾಣಿನಿ-ಬ್ಯಾಕಸ್' ಎಂಬ ಹೆಸರಿಡೋಣ ಎಂದು 1967ರಲ್ಲಿ ಪೀಟರ್ ಇಂಗರ್‌ಮನ್ ಸೂಚಿಸಿದ್ದರು. ಹೆಮ್ಮೆಪಡಲು ಈ ನಿಜವೇ ಸಾಕು, ನಾಸಾದ ಸುಳ್ಳು ಮುದ್ರೆ ಬೇಡ.