ಐಸ್‌ಕ್ರೀಂ ವ್ಯಾನು ಎಲ್ಲಿ ನಿಲ್ಲಬೇಕು?

ಹಿಂಜವಡಿಯ ನೌಕರಿಯ ಜೊತೆಗೆ ಐಸ್‌ಕ್ರೀಂ ವ್ಯಾನೊಂದನ್ನು ಓಡಿಸಿದರೆ ಹೇಗೆ ಎಂಬ ಯೋಚನೆ ವಾಕಡದ ನಮ್ಮ ಮನೆಗಳಲ್ಲಿ ಮೂಡುವುದು ಸಹಜ. 2025ರ ಸೆಪ್ಟೆಂಬರ್ 22ರಿಂದ ಐಸ್‌ಕ್ರೀಮಿನ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿರುವುದೂ ಆಸೆ ಹುಟ್ಟಿಸುವ ಸಂಗತಿಯೇ. ಮೂಲ್ಕಿಯ ಕಡೆಯ ಹಣ್ಣಿನ ವ್ಯಾಪಾರಿಯ ಮಗ, ದಿವಂಗತ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ 'ನ್ಯಾಚುರಲ್' ಐಸ್‌ಕ್ರೀಂ ಆರಂಭಿಸಿ ಗೆದ್ದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅವರದು ಒಂದೆಡೆ ನೆಲೆನಿಂತ ಅಂಗಡಿ. ವ್ಯಾನಿಗೆ ನಿಲ್ಲುವ ಜಾಗವೇ ಮೊದಲ ಪ್ರಶ್ನೆ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ವ್ಯಾಪಾರದ ಪ್ರಮಾಣಪತ್ರ ಬಯಸುವವರು ತಮಗೆ ಬೇರೆ ಜೀವನೋಪಾಯವಿಲ್ಲವೆಂದೂ, ತಾವೇ ಅಥವಾ ಕುಟುಂಬದವರೇ ವ್ಯಾಪಾರ ನಡೆಸುವುದಾಗಿಯೂ ಮುಚ್ಚಳಿಕೆ ಬರೆದುಕೊಡಬೇಕು. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವಂತಿಲ್ಲ. ಅಂದಮೇಲೆ ಸಂಬಳದಾರರು ಆಳನ್ನಿಟ್ಟು ರಸ್ತೆಬದಿಯಲ್ಲಿ ಮಾರಿಸುವ ಲೆಕ್ಕ ಇಲ್ಲಿಯೇ ತಪ್ಪುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ನ್ಯಾಯವೇ. ಕೈಗಾಡಿಯವನ ಹೊಟ್ಟೆಪಾಡಿನ ಜಾಗಕ್ಕೆ ನಾವು ಪೈಪೋಟಿಗಿಳಿಯುವುದು ತರವಲ್ಲ.

ಉಳಿದಿರುವುದು ಹೌಸಿಂಗ್ ಸೊಸೈಟಿಗಳ ಆವರಣ, ಮದುವೆ, ಸಮಾರಂಭ. ಅಲ್ಲಿ ಆಡಳಿತ ಮಂಡಳಿಯ ಒಪ್ಪಿಗೆ ಲಿಖಿತವಾಗಿರುವುದು ಲೇಸು. ಸರಕು ವಾಹನವನ್ನು ಅಂಗಡಿಯಾಗಿ ಮಾರ್ಪಡಿಸಲು ಆರ್‌ಟಿಓ ಅನುಮತಿಯೂ ಬೇಕು. ಇತರ ಸರಕುಗಳ ವ್ಯಾಪಾರಿಗೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಇದ್ದರೆ, ಐಸ್‌ಕ್ರೀಮಿಗೆ ಆ ಮಿತಿ 20 ಲಕ್ಷ ಮಾತ್ರ.

ಎಂಜಿನ್ ನಿಂತಾಗಲೂ ಪೆಟ್ಟಿಗೆಯೊಳಗೆ ಮೈನಸ್ 18 ಡಿಗ್ರಿ ಉಳಿಯಬೇಕು. ಕರಗಿ ಮತ್ತೆ ಹೆಪ್ಪುಗಟ್ಟಿದ ಐಸ್‌ಕ್ರೀಂ ನಾಲಗೆಗೆ ತರಿತರಿಯಾಗುತ್ತದೆ. ಪುಣೆಯ ಮಳೆಗಾಲವಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬ್ಯಾಂಕಿನ ಕಂತು ಆ ನಾಲ್ಕು ತಿಂಗಳೂ ಬರುತ್ತದೆ.