ಅವ್ವನಿಗೆ ಉಪದೇಶ, ಕೂಸಿಗೆ ಹೊಲದ ಬದು



ಸರ್ಕಾರಕ್ಕೂ ಸಂಘ ಸಂಸ್ಥೆಗಳಿಗೂ ನಮ್ಮ ಅವ್ವಂದಿರ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿದೆ. ಆರು ವರ್ಷದೊಳಗಿನ ಕೂಸನ್ನು ಹೇಗೆ ಬೆಳೆಸಬೇಕು ಅಂತ ಮನೆ ಬಾಗಿಲಿಗೇ ಬಂದು ಹೇಳಿಕೊಡುತ್ತಾರೆ. ಬಣ್ಣದ ಚಿತ್ರದ ಹಾಳೆ ತೋರಿಸುತ್ತಾರೆ. ಕೂಸಿಗೆ ಬೈಯಬೇಡಿ, ಹೊಡೆಯಬೇಡಿ. ದಿನಾ ಹತ್ತಿರ ಕೂರಿಸಿಕೊಂಡು ಆಡಿಸಿ, ಕತೆ ಹೇಳಿ. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಸಿ. ಸೊಪ್ಪು, ಕಾಳು, ಹಣ್ಣು, ಮೊಟ್ಟೆ ಕೊಡಿ. ಅಂಗಡಿ ಪಾಕೀಟು ಕೊಡಿಸಬೇಡಿ, ಮೊಬೈಲು ಕೈಗೆ ಕೊಡಬೇಡಿ, ಹೊತ್ತಿಗೆ ಸರಿಯಾಗಿ ಮಲಗಿಸಿ.

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಸಿಟ್ಟು ಬರುವುದು ಅದಕ್ಕೇ. ಇಷ್ಟು ಸರಿಯಾದ ಮಾತನ್ನು ಇಷ್ಟು ತಪ್ಪು ಬಾಗಿಲ ಮುಂದೆ ನಿಂತು ಹೇಳುತ್ತಿದ್ದಾರೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ನವಚೇತನ' ಎಂಬ ಚೌಕಟ್ಟು ತಂದಿತು. ಹುಟ್ಟಿದ ಕೂಸಿನಿಂದ ಮೂರು ವರ್ಷದ ಮಗುವಿನ ತನಕ 36 ತಿಂಗಳ ಕ್ಯಾಲೆಂಡರು, 140 ಚಟುವಟಿಕೆ. ಮನೆಯಲ್ಲಿ ಆಡಿಸುವ ಆಟಗಳೂ ಅದರಲ್ಲಿವೆ. ಆಡಿಸಲಿ, ಬೇಡ ಅನ್ನುವವರು ಯಾರು? ಆದರೆ ಆಡಿಸಬೇಕಾದ ಆ ಹೆಣ್ಣಿಗೆ ಆ 36 ತಿಂಗಳಲ್ಲಿ ಎಷ್ಟು ದಿನ ಕೂಲಿ ಸಿಕ್ಕಿತು, ಎಷ್ಟು ರಾತ್ರಿ ಬೆನ್ನು ನೆಲಕ್ಕೆ ಹತ್ತಿತು ಅನ್ನುವ ಕ್ಯಾಲೆಂಡರು ಯಾವ ಕಚೇರಿಯ ಗೋಡೆ ಮೇಲಿದೆ?

ನಮ್ಮ ಬಾದನಹಟ್ಟಿ ಸೀಮೆಗೆ ಬನ್ನಿ. ಕುರುಗೋಡು, ಸಿರುಗುಪ್ಪದ ಕಡೆ ತುಂಗಭದ್ರೆಯ ಕಾಲುವೆ ನೀರು ಹರಿದಲ್ಲಿ ಭತ್ತ, ಉಳಿದಂತೆ ಹತ್ತಿ, ಮೆಣಸಿನಕಾಯಿ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹೊತ್ತು ಮೂಡುವ ಮೊದಲೇ ಕೇರಿ ಮುಂದೆ ಗಾಡಿ ಬಂದು ನಿಲ್ಲುತ್ತದೆ. ಬುತ್ತಿ ಕಟ್ಟಿಕೊಂಡ ಹೆಣ್ಣುಮಕ್ಕಳು ಹತ್ತುತ್ತಾರೆ. ಅಂಗನವಾಡಿ ಬಾಗಿಲು ತೆಗೆಯುವ ಹೊತ್ತಿಗೆ ಅವರು ಒಂದೆರಡು ಸಾಲು ಮುಗಿಸಿರುತ್ತಾರೆ. ಮೊಲೆಗೂಸು ಹೊಲದ ಬದುವಿನ ಮೇಲೆ, ಸೀರೆಯ ಜೋಳಿಗೆಯಲ್ಲಿ. ಘಾಟಿಗೆ ಅಳುತ್ತದೆ. ಅವ್ವನ ಕೈಯೆಲ್ಲ ಖಾರ. ಎತ್ತಿಕೊಂಡು ಕಣ್ಣೊರೆಸಿದರೆ ಇನ್ನಷ್ಟು ಉರಿ. ಮೂರು ನಾಕು ವರ್ಷದ್ದು ಊರಲ್ಲೇ ಉಳಿಯುತ್ತದೆ, ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ಮೇಷ್ಟ್ರುಗಳೇ, ಆ ಅಕ್ಕ ನಿಮ್ಮ ಹಾಜರಿ ಪುಸ್ತಕದಲ್ಲಿ 'ಗೈರು'. ನೀವು ಗೈರು ಬರೆದ ಆ ಹುಡುಗಿಯೇ ನಮ್ಮ ಕೇರಿಯ ಶಿಶುವಿಹಾರ. ಸಂಬಳವಿಲ್ಲ, ತರಬೇತಿ ಇಲ್ಲ, ತನಗೇ ಹಾಲುಹಲ್ಲು ಪೂರ್ತಿ ಬಿದ್ದಿಲ್ಲ.

ಸಂಜೆ ಅವ್ವ ಬರುತ್ತಾಳೆ. ನೀರು ತರಬೇಕು, ಒಲೆ ಹಚ್ಚಬೇಕು, ರೊಟ್ಟಿ ಬಡಿಯಬೇಕು. ಕೂಸು ದಿನವಿಡೀ ಕಾಣದ ಅವ್ವನ ಸೆರಗು ಬಿಡುವುದಿಲ್ಲ. ಹಠ ಮಾಡುತ್ತದೆ, ಕಚ್ಚುತ್ತದೆ, ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಐದು ರೂಪಾಯಿ ಪಾಕೀಟು ಕೈಗಿಟ್ಟರೆ ಒಂದು ಗಳಿಗೆ ಸುಮ್ಮನಾಗುತ್ತದೆ. ಆ ಒಂದು ಗಳಿಗೆಯನ್ನು ಅವಳು ಐದು ರೂಪಾಯಿಗೆ ಕೊಳ್ಳುತ್ತಾಳೆ. ಇದನ್ನು ಹಾಳೆಯಲ್ಲಿ 'ಕೆಟ್ಟ ಆಹಾರ ಪದ್ಧತಿ' ಅಂತ ಬರೆಯುತ್ತೀರಿ, ಕೂಸಿನ ಹಠವನ್ನು 'ನಡವಳಿಕೆ ಸಮಸ್ಯೆ' ಅಂತೀರಿ. ನಮ್ಮ ಓಣಿಯ ಒಬ್ಬಾಕಿ ಹಾಳೆ ತಂದವರನ್ನು ಕೇಳಿದಳು: "ಸೋಪ್ ಹಚ್ಚಿ ತೊಳಿ ಅಂತೀರಲ್ರೀ, ನೀರು ನೀವ್ ಹೊತ್ಕೊಂಡ್ ಬರ್ತೀರೇನು?" ಬಂದವರು ನಕ್ಕು ಸುಮ್ಮನಾದರು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ್ದಕ್ಕೆ ಹೊಡೆತ ತಿಂದ ಜನಕ್ಕೆ ನೀರಿನ ಪಾಠ!

ನಡವಳಿಕೆ ಅಂದಿರಲ್ಲ, ಒಂದು ಕೂಸಿನ ನಡವಳಿಕೆ ಹೇಳುತ್ತೇನೆ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕು, ಮಿಯಾಪುರ. 2021ರ ಸೆಪ್ಟೆಂಬರ್. ಎರಡು ವರ್ಷದ ದಲಿತ ಕೂಸು. ಹುಟ್ಟಿದ ದಿನ ಅಂತ ಅಪ್ಪ ಗುಡಿಗೆ ಕರೆದುಕೊಂಡು ಹೋಗಿ ಹೊರಗೆ ನಿಂತು ಕೈಮುಗಿಯುತ್ತಿದ್ದ. ಕೂಸು ಒಳಗೆ ಓಡಿತು. ಎರಡು ವರ್ಷದ ಮಕ್ಕಳು ಓಡುತ್ತವೆ. ಅದು ಆರೋಗ್ಯದ ಲಕ್ಷಣ, ನಿಮ್ಮ ಕ್ಯಾಲೆಂಡರಿನಲ್ಲೂ ಹಾಗೇ ಇರಬೇಕು. ಊರಿನವರು ಗುಡಿ ಶುದ್ಧಿಗೆ ಅಂತ 25,000 ರೂಪಾಯಿ ದಂಡ ಕೇಳಿದರು. ಆಮೇಲೆ ಪೊಲೀಸರು ಬಂದರು, ಕೆಲವರ ಬಂಧನವಾಯಿತು, ಅದು ಬೇರೆ. ಆ ಊರಿನಲ್ಲಿ ಮನೆ ಮನೆಗೆ ಹೋಗಿ ನಡವಳಿಕೆ ತಿದ್ದಬೇಕಾಗಿತ್ತಲ್ಲ, ಯಾರ ಮನೆಗೆ ಹೋಗಬೇಕಿತ್ತು? ದಲಿತ ಅವ್ವ ತನ್ನ ಕೂಸಿಗೆ ಮೊದಲು ಕಲಿಸುವುದು 'ಅಲ್ಲಿ ಹೋಗಬ್ಯಾಡ, ಅದನ್ನ ಮುಟ್ಟಬ್ಯಾಡ' ಅನ್ನುವುದನ್ನೇ. ಒಮ್ಮೊಮ್ಮೆ ಹೊಡೆದು ಕಲಿಸುತ್ತಾಳೆ, ಊರು ಹೊಡೆಯುವ ಮೊದಲು ತಾನೇ ಹೊಡೆದರೆ ವಾಸಿ ಅಂತ. 140 ಚಟುವಟಿಕೆಗಳಲ್ಲಿ ಇದಕ್ಕೆ ಯಾವ ನಂಬರು?

ಇನ್ನು ಆರೋಗ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ನೂರಕ್ಕೆ 65 ಮಕ್ಕಳಿಗೆ ರಕ್ತ ಸಾಲದು. ಇಷ್ಟೂ ಮಕ್ಕಳ ಅವ್ವಂದಿರಿಗೆ ತಿಳಿವಳಿಕೆ ಕಡಿಮೆ ಅಂತ ವಾದವೇ? ಹಾಗಾದರೆ ಬಾಬಾಸಾಹೇಬರ ಮನೆ ನೋಡಿ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿದವರ ಮನೆ. ರಮಾಬಾಯಿ ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬನೇ. ಕೊನೆಯ ಮಗ ರಾಜರತ್ನ 1926ರಲ್ಲಿ ತೀರಿಕೊಂಡ. ರಮಾಬಾಯಿಗೆ ಕೈ ತೊಳೆಸಲು ಬರುತ್ತಿರಲಿಲ್ಲವೇ? ಮಗ ಹೋದ ಎರಡು ವರ್ಷಕ್ಕೆ, 1928ರಲ್ಲಿ, ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಎದ್ದು ನಿಂತು ಮಾತಾಡಿದರು. ಕಾರ್ಖಾನೆಯ ಹೆಣ್ಣಾಳಿಗೆ ಹೆರಿಗೆಯ ಹಿಂದೆ ಮುಂದೆ ವಿಶ್ರಾಂತಿ ಬೇಕು ಎಂಬ ಮಸೂದೆಯನ್ನು ಬೆಂಬಲಿಸಿ, ಅದರ ಖರ್ಚನ್ನು ಮಾಲೀಕನೂ ಸರ್ಕಾರವೂ ಹೊರಬೇಕು ಅಂತ. ಕೂಸು ಸತ್ತ ಮನೆಯಿಂದ ಬಂದವರು ಕೇಳಿದ್ದು ಕೂಲಿ ಸಹಿತದ ರಜೆ. ಇವತ್ತಿಗೂ ಮೆಣಸಿನಕಾಯಿ ಬಿಡಿಸುವ ಹೆಣ್ಣಿಗೆ ಅದಿಲ್ಲ. 2017ರಿಂದ ಮೊದಲ ಕೂಸಿಗೆ ಕಂತಿನಲ್ಲಿ 5,000 ರೂಪಾಯಿ ಕೊಡುತ್ತಾರೆ, ಆಯಿತು.

ಮೊಟ್ಟೆ ಕೊಡಿ ಅನ್ನುತ್ತದೆ ಹಾಳೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳ ಶಾಲೆ ಮಕ್ಕಳ ತಟ್ಟೆಗೆ ಮೊಟ್ಟೆ ಬರುತ್ತದೆ ಅಂದಾಗ ಹೋರಾಟದ ಬೆದರಿಕೆ ಹಾಕಿದವರು ಮಠಾಧೀಶರು. ಕೂಸಿನ ಬಾಯಿಂದ ಮೊಟ್ಟೆ ಕಸಿಯಲು ಹೊರಟವರ ಮನೆಗೆ ಯಾವ ಆಪ್ತ ಸಲಹೆಗಾರರೂ ಹೋದದ್ದು ಕಾಣೆ.

ಈ ಹಾಳೆ ಹಿಡಿದು ಬರುವ ಅಂಗನವಾಡಿ ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ ಈ ಯೋಜನೆ ಶುರುವಾಯಿತು. ಐವತ್ತು ವರ್ಷ ದಾಟಿದರೂ ಅವಳು ನೌಕರಳಲ್ಲ, 'ಗೌರವಧನ'ದ ಸೇವಕಿ. ಗ್ರ್ಯಾಚುಟಿ ಕೇಳಲು 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಬೇಕಾಯಿತು. 2025ರ ಜುಲೈಯಿಂದ ಬಾಣಂತಿಗೆ ಆಹಾರದ ಪೊಟ್ಟಣ ಕೊಡಬೇಕಾದರೂ ಮೊದಲು ಮೊಬೈಲಿನಲ್ಲಿ ಅವಳ ಮುಖ ಹಿಡಿಯಬೇಕು. ನೆಟ್‌ವರ್ಕ್ ಹುಡುಕಿಕೊಂಡು ಅಲೆದವಳಿಗೆ ಕೂಸಿನ ಮುಖ ನೋಡಲು ಪುರುಸೊತ್ತೆಲ್ಲಿ?

ಒಂದು ಮಾತು ನಮ್ಮ ಗಂಡಸರಿಗೂ. ಹಾಳೆ ಹಿಡಿದವರು ಅವ್ವನನ್ನೇ ಹುಡುಕುತ್ತಾರೆ, ಅಪ್ಪನನ್ನು ಯಾರೂ ಕೇಳುವುದಿಲ್ಲ. ಅದು ನಮ್ಮವರಿಗೆ ಹಿತವಾಗಿಯೇ ಇದೆ. ಸಭೆಯಲ್ಲಿ ಸಮಾನತೆ ಕೂಗಿ, ರಾತ್ರಿ ಕುಡಿದು ಬಂದು ಅಳುವ ಕೂಸಿಗೆ ಬಾರಿಸುವ ಸಂಗಾತಿಗಳು ಇದ್ದಾರೆ. ಬೈಯಬೇಡಿ, ಹೊಡೆಯಬೇಡಿ ಅನ್ನುವ ಪಾಠ ಇವರಿಗೆ ಬೇಕು. ಇದಕ್ಕೆ ನೀರಿನ ನೆಪವಿಲ್ಲ, ಕೂಲಿಯ ನೆಪವಿಲ್ಲ. ಕೂಸಿನ ಕುಂಡಿ ತೊಳೆದರೆ ಯಾವ ಹೋರಾಟವೂ ನಿಲ್ಲುವುದಿಲ್ಲ.

ಮನೆಗೆ ನೆರವು ಕೊಡುವುದೇ ಆದರೆ ದಾರಿ ಇದೆ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕು ಅಂತ ಬರೆದಿತ್ತು. ಎಷ್ಟು ಕಡೆ ಕೊಟ್ಟರು, ನಿಮ್ಮ ನಿಮ್ಮ ಊರಿನ ಲೆಕ್ಕ ತೆಗೆಯಿರಿ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಅಂತ ಘೋಷಿಸಿತು. ಹೆಸರು ಚೆಂದ ಇದೆ. ಕೇರಿಯಿಂದ ಎಷ್ಟು ದೂರ, ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯುತ್ತದೆ, ಅಡುಗೆ ಮಾಡುವವಳು ದಲಿತಳಾದರೆ ಊರ ಮಕ್ಕಳು ಬರುತ್ತಾರೋ ಇಲ್ಲವೋ, ಇದನ್ನು ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ಓದಿದ ಹುಡುಗರು ಅರ್ಜಿ ಬರೆಯಿರಿ, ಅವ್ವಂದಿರು ಹೆಬ್ಬೆಟ್ಟು ಒತ್ತಲಿ, ಮೇಷ್ಟ್ರುಗಳು ಆ ಗೈರಿನ ಪಟ್ಟಿ ತಂದು ಅರ್ಜಿಗೆ ಹಚ್ಚಲಿ. ಗಾಡಿ ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು, ಮೆಣಸಿನಕಾಯಿ ಹಣ್ಣಾಗುವ ಮೊದಲೇ.